ಕಿಗೋಮಾದಿಂದ ಬರುವ ರೆಫರಿ

ಯುಸ್ತಿನಾ ಬುಕುರು ಅವರ ಬಳಿ ಎರಡು ಜೊತೆ ಆಟದ ಬೂಟುಗಳಿದ್ದವು. ಎರಡೂ ಕಪ್ಪು, ಎರಡೂ ಒಂದೇ ಅಂಗಡಿಯವು, ಆದರೆ ಒಂದು ಜೊತೆ ಇನ್ನೊಂದಕ್ಕಿಂತ ಒಂದು ಅಳತೆ ದೊಡ್ಡದು. ಪಂದ್ಯ ನಮ್ಮೂರು ಕಿಗೋಮಾದಲ್ಲೇ ಇದ್ದರೆ ಚಿಕ್ಕ ಜೊತೆ. ಬಸ್ಸಿನಲ್ಲಿ ಹೋಗಿ ನಡೆಸಬೇಕಾದ ಪಂದ್ಯಕ್ಕೆ ದೊಡ್ಡ ಜೊತೆ. ಹನ್ನೆರಡು ಗಂಟೆ ಕಾಲು ಇಳಿಬಿಟ್ಟು ಕೂತು ಎದ್ದರೆ ಅವರ ಪಾದ ಹುಳಿ ಬಂದ ಹಿಟ್ಟಿನ ಹಾಗೆ ಉಬ್ಬಿರುತ್ತಿತ್ತು. ಬೆರಳಿಂದ ಒತ್ತಿದರೆ ಕುಳಿ ಬಿದ್ದು, ತುಂಬಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು.

ಅವರು ರೆಫರಿ. ನಾನು ಅವರ ಪಂದ್ಯಗಳಲ್ಲಿ ಗೆರೆಯ ಪಕ್ಕ ಬಾವುಟ ಹಿಡಿದು ಓಡುತ್ತಿದ್ದವಳು. ನನ್ನ ಹೆಸರು ಹಿದಾಯಾ, ಕಿಗೋಮಾಕ್ಕೆ ಅಂಟಿಕೊಂಡಿರುವ ಉಜಿಜಿಯಲ್ಲಿ ಬಟ್ಟೆ ಹೊಲಿಯುತ್ತೇನೆ. ಇಪ್ಪತ್ತೆರಡನೆಯ ವಯಸ್ಸಿನಿಂದ ಹನ್ನೊಂದು ವರ್ಷ ಅವರ ಪಕ್ಕದ ಸೀಟಿನಲ್ಲಿ ಕೂತು ಪ್ರಯಾಣ ಮಾಡಿದ್ದೇನೆ. ಒಬ್ಬರ ಭುಜದ ಮೇಲೆ ಅಷ್ಟು ವರ್ಷ ತೂಕಡಿಸಿದ ಮೇಲೆ ಅವರ ವಿಷಯ ಸ್ವಲ್ಪವಾದರೂ ಗೊತ್ತಾಗಿರುತ್ತದೆ.

ಅವರು ಹುಟ್ಟಿದ್ದು ಕಸುಲು ಕಡೆಯ ಗುಡ್ಡದಲ್ಲಿ. ಕಿಗೋಮಾ ಬಂದರಿನ ಮೇಲಿನ ಇಳಿಜಾರಿನಲ್ಲಿರುವ ಪ್ರಾಥಮಿಕ ಶಾಲೆಗೆ ಟೀಚರ್ ಆಗಿ ಬಂದು ಇಲ್ಲೇ ನಿಂತರು. ಬಡಗಿ ಫುಲ್ಗೆನ್ಸ್ ಅವರನ್ನು ಮದುವೆಯಾದರು. ರೆಫರಿಯಾಗಬೇಕೆಂದು ಅವರು ಎಂದೂ ಕನಸು ಕಂಡವರಲ್ಲ. ಒಂದು ಸಲ ಶಾಲೆಗಳ ನಡುವಿನ ಹುಡುಗಿಯರ ಪಂದ್ಯಕ್ಕೆ ರೆಫರಿ ಬರಲಿಲ್ಲ. ಕಾದು ಕಾದು ಸಾಕಾಗಿ ಇವರೇ ಸೀಟಿ ತೆಗೆದುಕೊಂಡರು. ಆಟ ಮುಗಿಯಲು ನಾಲ್ಕು ನಿಮಿಷವಿದ್ದಾಗ ಸ್ವಂತ ಶಾಲೆಯ ಹುಡುಗಿಯ ಕೈಗೆ ಚೆಂಡು ತಗಲಿತು. ಯಾರೂ ಗಮನಿಸಿರಲಿಲ್ಲ. ಇವರು ಸೀಟಿ ಊದಿ ಎದುರು ಪಕ್ಷಕ್ಕೆ ಪೆನಾಲ್ಟಿ ಕೊಟ್ಟರು, ಶಾಲೆ ಸೋತಿತು. ಹೆಡ್‌ಮಾಸ್ಟರ್ ಒಂದು ವಾರ ಮಾತು ಬಿಟ್ಟರು. ಆದರೆ ಅಂದು ಆಟ ನೋಡುತ್ತಿದ್ದ ಜಿಲ್ಲೆಯ ಆಟೋಟದ ಅಧಿಕಾರಿ ಇವರ ಹೆಸರು ಬರೆದುಕೊಂಡು ಹೋಗಿದ್ದ. ಆಗ ಅವರಿಗೆ ಇಪ್ಪತ್ತೇಳು ವರ್ಷ.

ಹೆಂಗಸರ ಫುಟ್‌ಬಾಲ್‌ಗೆ ನಮ್ಮ ದೇಶದಲ್ಲಿ ಪಂದ್ಯಗಳು ಹೆಚ್ಚು, ರೆಫರಿಗಳು ಕಡಿಮೆ. ತಬೋರಾ, ಸಿಂಗಿಡಾ, ಡೊಡೊಮಾ, ಮ್ವಾಂಝಾ, ಎಲ್ಲಿಗೆ ಕರೆದರೂ ನಮಗೆ ಅದು ಇಡೀ ದಿನದ ದಾರಿ. ಕಿಗೋಮಾ ದೇಶದ ಅಂಚಿನಲ್ಲಿದೆ, ಆಚೆ ಬರೀ ಸರೋವರ. ಫುಟ್‌ಬಾಲ್ ಸಂಘದವರು ಕೊಡುತ್ತಿದ್ದುದು ಅತಿ ಅಗ್ಗದ ಬಸ್ಸಿನ ಟಿಕೆಟ್.

ಆ ಬಸ್ಸಿನಲ್ಲಿ ಒಂದು ಸಾಲಿಗೆ ಐದು ಸೀಟು, ಈ ಕಡೆ ಮೂರು, ಆ ಕಡೆ ಎರಡು. ನಡುವಿನ ದಾರಿ ಒಬ್ಬರು ಅಡ್ಡಡ್ಡ ಹೋಗುವಷ್ಟು. ಆ ದಾರಿಯಲ್ಲೂ ಒಣಮೀನಿನ ಮೂಟೆಗಳು, ಮೂಟೆಗಳ ಮೇಲೆ ಸೀಟು ಸಿಗದವರು. ಕಾಲಿಡುವ ಜಾಗದಲ್ಲಿ ಯಾರದೋ ತಾಳೆಎಣ್ಣೆಯ ಡಬ್ಬ ಇರುತ್ತದೆ. ಅದು ಯಾರದೆಂದು ಕೇಳಿದರೆ ಯಾರೂ ಒಪ್ಪಿಕೊಳ್ಳುವುದಿಲ್ಲ, ಪಕ್ಕಕ್ಕೆ ಸರಿಸಿದರೆ ಮಾತ್ರ ಹಿಂದಿನಿಂದ ಕೂಗು ಬರುತ್ತದೆ. ಯುಸ್ತಿನಾ ಅಕ್ಕ ಎತ್ತರದ ಹೆಂಗಸು. ಮುಂದಿನ ಸೀಟಿನ ಕಬ್ಬಿಣ ಅವರ ಮೊಣಕಾಲಿಗೆ ಸರಿಯಾಗಿ ಒತ್ತುತ್ತಿತ್ತು. ಬೆಳಗಿನ ಐದೂವರೆಗೆ ಹೊರಟರೆ ಒಂಬತ್ತರ ಹೊತ್ತಿಗೆ ಅವರ ಕಾಲು ಅವರ ಮಾತು ಕೇಳುವುದನ್ನು ಬಿಡುತ್ತಿತ್ತು.

ನಮ್ಮ ಕಡೆ ಬಸ್ಸಿನಲ್ಲಿ ಯಾರೂ ಮೂತ್ರಕ್ಕೆ ನಿಲ್ಲಿಸಿ ಎನ್ನುವುದಿಲ್ಲ. ಔಷಧಿ ಅಗೆಯಬೇಕು ಎನ್ನುತ್ತಾರೆ, ಬೇರು ಹುಡುಕಿಕೊಂಡು ಪೊದೆಗೆ ಹೋಗುವ ನಾಟಿ ವೈದ್ಯರ ಹಾಗೆ. ಡ್ರೈವರ್‌ಗೆ ಮನಸ್ಸು ಬಂದಾಗ ಕಾಡಿನ ನಡುವೆ ನಿಲ್ಲಿಸುತ್ತಾನೆ, ಗಂಡಸರು ರಸ್ತೆಯ ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, ಐದು ನಿಮಿಷ. ಮೊದಮೊದಲು ಒಂದು ಸಲ ಯುಸ್ತಿನಾ ಅಕ್ಕ ಎರಡನೆಯ ಬಾರಿ ನಿಲ್ಲಿಸಲು ಕೇಳಿದರು. ಕಂಡಕ್ಟರ್ ಇಡೀ ಬಸ್ಸಿಗೆ ಕೇಳುವ ಹಾಗೆ, "ಈಗ್ತಾನೇ ಅಗೆದು ಬಂದ್ರಲ್ಲಮ್ಮಾ, ಇನ್ನೆಷ್ಟು ಬೇರು ಬೇಕು ನಿಮ್ಗೆ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಅಂದಿನಿಂದ ಅವರು ಕೇಳಲಿಲ್ಲ. ಪ್ರಯಾಣದ ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟರು. ಮಧ್ಯಾಹ್ನದ ಬಿಸಿಲಿಗೆ ಅವರ ತುಟಿ ಬಿಳಿಚಿ ಒಡೆಯುತ್ತಿತ್ತು. ನಾನು ಬಾಟಲಿ ಕೊಟ್ಟರೆ ಬಾಯಿ ಒದ್ದೆ ಮಾಡಿಕೊಂಡು ಹಿಂದಿರುಗಿಸುತ್ತಿದ್ದರು.

ರೈಲೆಂದರೆ ಅವರಿಗೆ ಪ್ರೀತಿ. ಅದರಲ್ಲಿ ಕಾಲು ಚಾಚಿ ಮಲಗಬಹುದಿತ್ತು, ಬೇಸರವಾದರೆ ಎದ್ದು ಬೋಗಿಯ ಕೊನೆಯವರೆಗೆ ನಡೆಯಬಹುದಿತ್ತು, ಎಷ್ಟು ಗಬ್ಬಾದರೂ ಒಂದು ಕಕ್ಕಸಿತ್ತು. ಸ್ಟೇಶನ್ನುಗಳಲ್ಲಿ ಕಿಟಕಿಗೇ ಬೇಯಿಸಿದ ಗೆಣಸು, ಜೇನು, ಬುಟ್ಟಿಯಲ್ಲಿ ಕೋಳಿ ಬರುತ್ತಿತ್ತು. ಬಸ್ಸಿನ ದುಡ್ಡಿಗೆ ಕೈಯಿಂದ ಒಂದಿಷ್ಟು ಹಾಕಿದರೆ ಮಲಗುವ ಜಾಗ ಸಿಗುತ್ತಿತ್ತು. ತೊಂದರೆ ಒಂದೇ, ಅದು ಯಾವಾಗ ಹೊರಡುತ್ತದೆ, ಯಾವಾಗ ತಲುಪುತ್ತದೆ ಎನ್ನುವುದನ್ನು ಸ್ಟೇಶನ್ ಮಾಸ್ಟರೂ ಹೇಳಲಾರ. ಆದರೂ ವರ್ಷಕ್ಕೆ ಎರಡು ಮೂರು ಸಲ, ದಿನ ಕೈಯಲ್ಲಿದ್ದಾಗ ನಾವು ರೈಲಿನಲ್ಲೇ ಹೋಗುತ್ತಿದ್ದೆವು. ಒಂದು ವರ್ಷ ಮಾರ್ಚ್ ತಿಂಗಳ ತಬೋರಾ ಪಂದ್ಯಕ್ಕೂ ಹಾಗೇ ಹೊರಟೆವು.

ಪಂದ್ಯ ಶನಿವಾರ ಸಂಜೆ ನಾಲ್ಕಕ್ಕೆ. ಗುರುವಾರ ಸಂಜೆಯ ರೈಲು ಹಿಡಿದರೆ ಶುಕ್ರವಾರ ಬೆಳಿಗ್ಗೆ ತಬೋರಾ. ಒಂದು ಪೂರ್ತಿ ದಿನ ಮಿಗುತ್ತದೆ, ಕಾಲಿಗೆ ವಿಶ್ರಾಂತಿ ಸಿಗುತ್ತದೆ ಎಂದು ಅಕ್ಕ ಲೆಕ್ಕ ಹಾಕಿದ್ದರು. ಗುರುವಾರದ ರೈಲು ಶುಕ್ರವಾರ ಬೆಳಿಗ್ಗೆ ಹೊರಟಿತು. ಮಧ್ಯಾಹ್ನದ ಹೊತ್ತಿಗೆ ಕಾಡಿನ ನಡುವಿನ ಒಂದು ಸಣ್ಣ ಸ್ಟೇಶನ್ನಿನಲ್ಲಿ ನಿಂತಿತು, ಮತ್ತೆ ಅಲ್ಲಾಡಲಿಲ್ಲ. ಮುಂದೆ ಮಳೆಗೆ ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿದೆ, ಕೆಲಸದವರು ಹೊರಟಿದ್ದಾರೆ ಎಂದರು. ಸಂಜೆಯೂ ಹೊರಟಿದ್ದಾರೆ ಎಂದರು. ಶನಿವಾರ ಬೆಳಿಗ್ಗೆ ಕೇಳಿದಾಗಲೂ ಅವರು ಇನ್ನೂ ಹೊರಟೇ ಇದ್ದರು. ಅಷ್ಟರಲ್ಲಿ ಕಿಟಕಿಯ ಹತ್ತಿರ ಮಾರಲು ಬರುವವರ ಬುಟ್ಟಿಗಳೂ ಖಾಲಿಯಾಗಿದ್ದವು. ಫೋನಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ.

ಬಸ್ಸಿನ ರಸ್ತೆ ಎಷ್ಟು ದೂರ ಎಂದು ಅಕ್ಕ ಸ್ಟೇಶನ್ ಮಾಸ್ಟರ್‌ನನ್ನು ಕೇಳಿದರು. ಕಾಡು ದಾಟಿ ಒಂಬತ್ತು ಕಿಲೋಮೀಟರ್ ಎಂದ. ಅವರು ಚೀಲವನ್ನು ತಲೆಯ ಮೇಲಿಟ್ಟುಕೊಂಡು ಹೊರಟೇಬಿಟ್ಟರು, ನಾನು ಹಿಂದೆ. ದಾರಿಯುದ್ದ ಕೆಸರು. ರಸ್ತೆ ಸೇರಿದಾಗ ಹತ್ತೂವರೆ. ಹನ್ನೆರಡಕ್ಕೆ ಬಂದ ಬಸ್ಸು ತುಂಬಿ ತುಳುಕುತ್ತಿತ್ತು. ಬಾಗಿಲ ಮೆಟ್ಟಿಲ ಮೇಲೆ ಒಂದು ಕಾಲಲ್ಲಿ ಅವರು, ಒಂದು ಕಾಲಲ್ಲಿ ನಾನು. ದಾರಿಯಲ್ಲಿ ಸಿಗ್ನಲ್ ಸಿಕ್ಕಾಗ ತಬೋರಾದವರಿಗೆ ಫೋನ್ ಮಾಡಿದರು. ಅರ್ಧ ಗಂಟೆ ಕಾಯುತ್ತೇವೆ, ಆಮೇಲೆ ಇಲ್ಲಿಯವರ ಕೈಗೆ ಸೀಟಿ ಕೊಡುತ್ತೇವೆ ಎಂದು ಆ ಕಡೆಯವರು ಹೇಳಿದರಂತೆ. ಅಕ್ಕ ಫೋನನ್ನು ಚೀಲಕ್ಕೆ ಹಾಕಿ ರಸ್ತೆಯನ್ನೇ ನೋಡುತ್ತಾ ನಿಂತರು.

ನಾವು ಮೈದಾನ ಮುಟ್ಟಿದಾಗ ಐದೂಮುಕ್ಕಾಲು. ಜನ ಹೊರಗೆ ಬರುತ್ತಿದ್ದರು, ಗೇಟಿನಲ್ಲಿ ಪೊಲೀಸರಿದ್ದರು. ನಡೆದದ್ದೇನೆಂದು ತಬೋರಾದವಳೇ ಆದ ಇನ್ನೊಬ್ಬ ಬಾವುಟದವಳು ಹೇಳಿದಳು. ಸೀಟಿಯನ್ನು ಒಬ್ಬ ಸ್ಥಳೀಯ ಮೇಷ್ಟರಿಗೆ ಕೊಟ್ಟಿದ್ದರು. ಪಾಪ, ಕೆಟ್ಟವನಲ್ಲ, ಆದರೆ ಜನರ ಕೂಗಿಗೆ ಹೆದರುವವನು. ಊರ ತಂಡದವರು ಮೊದಲಿಂದಲೇ ಒರಟಾಗಿ ಆಡಿದರು, ಅವನು ಏನೂ ಅನ್ನಲಿಲ್ಲ. ಎರಡನೆಯ ಅರ್ಧದಲ್ಲಿ ಅವರಲ್ಲೊಬ್ಬಳು ಮೊಣಕಾಲು ಮುಂದೆ ಮಾಡಿಕೊಂಡು ಎದುರು ತಂಡದ ಗೋಲ್‌ಕೀಪರ್ ಮೇಲೆ ಹಾರಿದಳು. ಗೋಲ್‌ಕೀಪರ್ ಹುಡುಗಿಯ ಕತ್ತಿನ ಕೆಳಗಿನ ಮೂಳೆ ಮುರಿಯಿತು. ಆಮೇಲೆ ಜನರ ಕಡೆಯಿಂದ ಕಲ್ಲು ಬಿದ್ದವು, ಆಟ ಅರ್ಧಕ್ಕೇ ನಿಂತಿತು.

ಅಕ್ಕ ಖಾಲಿಯಾಗುತ್ತಿದ್ದ ಮೈದಾನದ ನಡುವೆ ಹೋಗಿ ನಿಂತರು. ಮೊಣಕಾಲವರೆಗೂ ಕೆಸರು, ತಲೆಯ ಮೇಲೆ ಚೀಲ ಹಾಗೇ ಇತ್ತು. ಹೋಗುತ್ತಿದ್ದವನೊಬ್ಬ, "ಈಗ ಬಂದ್ರಾ ರೆಫರಿ ಅಮ್ಮ? ಕಿಗೋಮಾದಿಂದ ನಡ್ಕೊಂಡೇ ಬಂದ ಹಾಗಿದೆ," ಎಂದ. ಪೆಟ್ಟಾದ ಹುಡುಗಿಯನ್ನು ಯಾವ ಆಸ್ಪತ್ರೆಗೆ ಒಯ್ದರು ಎಂದು ಅಕ್ಕ ಅವನನ್ನೇ ಕೇಳಿದರು.

ಮರುದಿನ ಬೆಳಿಗ್ಗೆ ನಾವು ಆಸ್ಪತ್ರೆಗೆ ಹೋದೆವು. ಆ ಹುಡುಗಿಯ ಹೆಸರು ಕಬುಲಾ. ಹದಿನೇಳು ವರ್ಷ, ಹಳ್ಳಿಯಿಂದ ಬಂದವಳು. ತೋಳನ್ನು ಎದೆಗೆ ಕಟ್ಟಿದ್ದರು. ಅಕ್ಕ ಬ್ರೆಡ್ಡು, ಹಾಲು ಇಟ್ಟು, ತಾವು ಯಾರೆಂದು ಹೇಳಿದರು. ಹುಡುಗಿ ಇನ್ನೊಂದು ಕೈ ಊರಿ ಎದ್ದು ಕೂತಳು.

"ನೀವು ಬಂದಿದ್ರೆ, ಅವ್ಳು ಮೊದಲ್ನೇ ಸಲ ಮೊಣಕಾಲಲ್ಲಿ ಗುದ್ದಿದಾಗ್ಲೇ ಹೊರಗೆ ಕಳಿಸ್ತಿದ್ರಿ, ಅಲ್ವಾ ಟೀಚರ್?"

"ಕಳಿಸ್ತಿದ್ದೆ ಕಣೇ," ಎಂದರು ಅಕ್ಕ.

ಹುಡುಗಿಯ ಮಾತಿನಲ್ಲಿ ಬೈಗುಳ ಇರಲಿಲ್ಲ. ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದಳು. ಆದರೆ ವಾಪಸ್ ಹೊರಟಾಗ ಅಕ್ಕ ರೈಲ್ವೆ ಸ್ಟೇಶನ್ ಕಡೆ ತಿರುಗಲೂ ಇಲ್ಲ. ಬಂದದ್ದು ಬಸ್ಸಿನಲ್ಲಿ.

ಸಂಘದಿಂದ ಕಾಗದ ಬಂತು, ತಡವಾದ ಕಾರಣ ತಿಳಿಸಬೇಕು ಎಂದು. ಹಳಿ ಕುಸಿದದ್ದು, ಕಾಡಿನಲ್ಲಿ ನಡೆದದ್ದು, ಎಲ್ಲ ಬರೆಯಿರಿ, ನಾನೂ ಸಹಿ ಹಾಕುತ್ತೇನೆ ಎಂದು ನಾನು ಹೇಳಿದೆ. ಅವರು ಬರೆದದ್ದು ಎರಡೇ ಪದ, "ತಡವಾಗಿ ತಲುಪಿದೆ." ನನಗೆ ಸಿಟ್ಟು ಬಂತು. ರೈಲು ಕೈಕೊಟ್ಟಿದ್ದಕ್ಕೆ ನಿಮ್ಮ ತಪ್ಪೇನು ಅಂತ ಕೇಳಿದೆ.

"ಬಸ್ಸು ಇತ್ತಲ್ಲ ಹಿದಾಯಾ," ಎಂದರು. "ಕಾಲು ನೋಯುತ್ತೆ ಅಂತ ನಾನು ರೈಲು ಹತ್ತಿದ್ದು. ನೋವು ನನ್ದು ತಪ್ಪಿತು, ಆ ಮಗೂಗೆ ಹೋಯ್ತು."

ಆರು ತಿಂಗಳು ಪಂದ್ಯ ಕೊಡಲಿಲ್ಲ. ಆಮೇಲೆ ಮತ್ತೆ ಕರೆದರು, ಬೇರೆ ಯಾರೂ ಸಿಗದೆ. ಆ ದಿನದಿಂದ ಅವರು ಕೆಲಸಕ್ಕೆಂದು ರೈಲು ಹತ್ತಲಿಲ್ಲ. ಬಸ್ಸಿಗೆ ನೂರು ತಾಪತ್ರಯ ಇರಬಹುದು, ಚಕ್ರ ಪಂಕ್ಚರ್ ಆಗುತ್ತದೆ, ಎಂಜಿನ್ ಕುದಿಯುತ್ತದೆ, ಪೊಲೀಸರು ನಿಲ್ಲಿಸುತ್ತಾರೆ, ಆದರೂ ಅವತ್ತಿನದು ಅವತ್ತು ತಲುಪಿಸಿಬಿಡುತ್ತದೆ. ಕೆಟ್ಟರೆ ಹಿಂದಿನ ಬಸ್ಸಿಗೆ ತಳ್ಳುತ್ತಾರೆ, ಮೂಟೆಯ ಮೇಲಾದರೂ ಕೂರಿಸುತ್ತಾರೆ.

ಹಾಗೆ ಐದು ವರ್ಷ ಹೋಯಿತು. ಆ ಪ್ರಯಾಣಗಳೆಲ್ಲ ಈಗ ನನ್ನ ತಲೆಯಲ್ಲಿ ಒಂದೇ ಉದ್ದನೆಯ ಬಸ್ಸಾಗಿ ಕಲಸಿಹೋಗಿವೆ. ಡ್ರೈವರ್‌ನ ತಲೆಯ ಮೇಲಿನ ಟಿವಿಯಲ್ಲಿ ಒಬ್ಬ ಪಾದ್ರಿ ಎಡೆಬಿಡದೆ ದೆವ್ವ ಬಿಡಿಸುತ್ತಿದ್ದ. ಮುಂದಿನ ಸಾಲಿನ ಮಗು ವಾಂತಿ ಮಾಡಿಕೊಳ್ಳುತ್ತಿತ್ತು, ಅದರ ತಾಯಿ ನಮ್ಮ ಕಡೆ ತಿರುಗಿ ಕ್ಷಮೆ ಕೇಳುತ್ತಿದ್ದಳು. ಕಿಟಕಿ ತೆರೆದರೆ ಕೆಂಪು ಧೂಳು, ಮುಚ್ಚಿದರೆ ಮೀನಿನ ವಾಸನೆ. ಅಕ್ಕ ಸೀಟಿನಲ್ಲಿ ಅಂಗಾಲು ಎತ್ತಿ ಇಳಿಸಿ, ಬೆರಳು ಮಡಚಿ ಬಿಡಿಸಿ ಮಾಡುತ್ತಿದ್ದರು, ರಕ್ತ ಓಡಲೆಂದು. ಪಕ್ಕದವರು ಕಾಲು ತಗಲುತ್ತದೆ ಎಂದು ಗೊಣಗಿದರೆ ನಿಲ್ಲಿಸುತ್ತಿದ್ದರು. ಊರು ಮುಟ್ಟಿ, ಮೈದಾನದ ಪಕ್ಕದ ಮರದ ಕೆಳಗೆ ಬೆನ್ನ ಮೇಲೆ ಮಲಗಿ, ಕಾಲನ್ನು ಮರಕ್ಕೆ ಒರಗಿಸಿ ಎತ್ತಿಡುತ್ತಿದ್ದರು. ಆಟಕ್ಕೆ ಬಂದ ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ಅರ್ಧ ಗಂಟೆ ಹಾಗೆ ಮಲಗಿ, ಎದ್ದು, ಸೀಟಿ ಕೊರಳಿಗೆ ಹಾಕಿಕೊಂಡು ಓಡಲು ಶುರು ಮಾಡಿದರೆ ತೊಂಬತ್ತು ನಿಮಿಷ ಚೆಂಡಿನಿಂದ ದೂರ ಉಳಿಯುತ್ತಿರಲಿಲ್ಲ. ತಪ್ಪು ಮಾಡಿದವಳನ್ನು ಬೆರಳಲ್ಲಿ ಹತ್ತಿರ ಕರೆದು, ಯಾರಿಗೂ ಕೇಳದ ಹಾಗೆ ಎರಡು ಮಾತು ಹೇಳುತ್ತಿದ್ದರು. ಅವಳು ತಲೆ ತಗ್ಗಿಸಿ ಹೋಗುತ್ತಿದ್ದಳು.

ಮನೆಗೆ ಬಂದರೆ ಫುಲ್ಗೆನ್ಸ್ ಬೋಗುಣಿಯಲ್ಲಿ ಉಪ್ಪು ಹಾಕಿದ ಬಿಸಿನೀರು ಇಟ್ಟುಕೊಂಡು ಕಾಯುತ್ತಿದ್ದರು. ಒಂದು ಸಲ ನಾನಿದ್ದೆ. ಹೆಂಡತಿಯ ಕಾಲನ್ನು ನೀರಿಗಿಳಿಸುತ್ತಾ, "ಮುಂದಿನ ಸಲ ಈ ಕಾಲಿಗೇ ಬೇರೆ ಒಂದು ಟಿಕೆಟ್ ಕೇಳು. ನೀನೊಂದು ಸೀಟಲ್ಲಿ, ಇದೊಂದು ಸೀಟಲ್ಲಿ," ಎಂದರು. ತಮಾಷೆಯ ಮಾತು, ಆದರೆ ಹೇಳುವಾಗ ಅವರು ನಗಲಿಲ್ಲ. ಕ್ಲಿನಿಕ್ಕಿನ ನರ್ಸ್ ಇನ್ನೊಂದು ಸಲ, ರಕ್ತನಾಳದ ಕವಾಟ ಸಡಿಲವಾಗಿದೆ, ನೀರು ಚೆನ್ನಾಗಿ ಕುಡಿಯಬೇಕು, ಗಂಟೆಗೊಮ್ಮೆ ಎದ್ದು ಓಡಾಡಬೇಕು ಎಂದಳಂತೆ. ಆ ಮಾತನ್ನು ಡ್ರೈವರ್‌ಗೆ ಬರೆದುಕೊಡಿ ಎಂದು ಅಕ್ಕ ಹೇಳಿ ಬಂದರಂತೆ.

ವರ್ಷಕ್ಕೊಮ್ಮೆ ರೆಫರಿಗಳಿಗೂ ಬಾವುಟದವರಿಗೂ ಓಟದ ಪರೀಕ್ಷೆ ಇರುತ್ತದೆ. ಅದರಲ್ಲಿ ಪಾಸಾದವರಿಗೆ ಮಾತ್ರ ಮುಂದಿನ ಸಾಲಿನ ಪಂದ್ಯಗಳು. ಮೈದಾನದ ಸುತ್ತ ಹತ್ತು ಸುತ್ತು, ಒಂದಿಷ್ಟು ದೂರ ಜೋರು ಓಟ, ಒಂದಿಷ್ಟು ನಡಿಗೆ, ಮತ್ತೆ ಓಟ, ಎಲ್ಲ ಸೀಟಿಯ ಲೆಕ್ಕಕ್ಕೆ. ಸೀಟಿ ಊದುವ ಮೊದಲು ಗುರುತಿನ ಕೋನ್ ಮುಟ್ಟಬೇಕು. ಆ ವರ್ಷ ಪರೀಕ್ಷೆ ಡೊಡೊಮಾದಲ್ಲಿತ್ತು, ಆಗಸ್ಟ್ ತಿಂಗಳು, ಗುರುವಾರ ಬೆಳಿಗ್ಗೆ ಏಳಕ್ಕೆ. ಶಾಲೆಯಲ್ಲಿ ಏಳನೆಯ ತರಗತಿಯ ಪರೀಕ್ಷೆ ಹತ್ತಿರವಿದ್ದುದರಿಂದ ಹೆಡ್‌ಮಾಸ್ಟರ್ ಅಕ್ಕನಿಗೆ ಮೂರು ದಿನಕ್ಕಿಂತ ಹೆಚ್ಚು ರಜೆ ಕೊಡಲಿಲ್ಲ. ಬುಧವಾರ ನಸುಕಿನಲ್ಲಿ ಬಸ್ಸು ಹತ್ತಿದೆವು.

ಆ ಬಸ್ಸಿನ ಮೇಲೆ ನಾನು ಒಂದು ದೂರೂ ಹೇಳಲಾರೆ. ಎಲ್ಲೂ ಕೆಡಲಿಲ್ಲ. ಚೀಟಿಯಲ್ಲಿ ಬರೆದ ಹೊತ್ತಿಗಿಂತ ಹತ್ತು ನಿಮಿಷ ಮೊದಲೇ ಡೊಡೊಮಾ ತಲುಪಿತು. ಹದಿನೆಂಟು ಗಂಟೆ. ಅಕ್ಕನಿಗೆ ಆಗ ನಲವತ್ತಮೂರು ವರ್ಷ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ನಾಲ್ಕು ಗಂಟೆ ಒರಗಿದ್ದು, ಮುಖ ತೊಳೆದು, ಚಹಾ ಕುಡಿದು ಮೈದಾನಕ್ಕೆ ಹೋದೆವು. ದೊಡ್ಡ ಜೊತೆಯ ಬೂಟಿಗೂ ಅವರ ಪಾದ ಸುಲಭವಾಗಿ ಇಳಿಯಲಿಲ್ಲ. ಲೇಸು ಕಟ್ಟಲು ನಾನು ಬಗ್ಗಿದೆ, ಬೇಡ ಎಂದರು.

ನಾನು ಅವರ ಹಿಂದಿನ ಗುಂಪಿನಲ್ಲಿ ಓಡುತ್ತಿದ್ದೆ. ನಾಲ್ಕು ಸುತ್ತು ಅವರು ಎಂದಿನಂತೆಯೇ ಓಡಿದರು. ಡೊಡೊಮಾದ ಒಣಗಾಳಿ ಧೂಳೆಬ್ಬಿಸಿ ಕಣ್ಣಿಗೆ ಹೊಡೆಯುತ್ತಿತ್ತು. ಆರನೆಯ ಸುತ್ತಿನಲ್ಲಿ ಅವರ ಹಿಮ್ಮಡಿ ಏಳುವುದು ನಿಧಾನವಾದದ್ದು ಕಂಡಿತು. ಎಂಟನೆಯದರಲ್ಲಿ ಸೀಟಿ ಬಿದ್ದಾಗ ಅವರು ಕೋನ್‌ನಿಂದ ಎರಡು ಹೆಜ್ಜೆ ಹಿಂದಿದ್ದರು. ಒಂದು ಸಲಕ್ಕೆ ಎಚ್ಚರಿಕೆ ಕೊಡುತ್ತಾರೆ. ಮುಂದಿನ ಸಲ ನಾಲ್ಕು ಹೆಜ್ಜೆ. ಪರೀಕ್ಷೆ ನಡೆಸುತ್ತಿದ್ದವರು ಅಕ್ಕನಿಗಿಂತ ಹಿರಿಯ ಹೆಂಗಸು. ಕೈ ಎತ್ತಿ ಇವರ ಅಂಗಿಯ ನಂಬರ್ ಕೂಗಿದರು. ಅಕ್ಕ ಓಟ ನಿಲ್ಲಿಸಿ, ಬೇರೆಯವರಿಗೆ ಅಡ್ಡವಾಗದಂತೆ ಹುಲ್ಲಿನ ಕಡೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನಿಂತರು.

ನಾನು ಪಾಸಾದೆ. ಅಂದು ಅದು ಸಂತೋಷದ ಸುದ್ದಿ ಅನ್ನಿಸಲಿಲ್ಲ.

ಆ ಹಿರಿಯ ಹೆಂಗಸು ಅಕ್ಕನ ಪಕ್ಕ ಬಂದು ಕೂತು, ಕಾಲನ್ನು ನೋಡಿ, ಎಲ್ಲಿಂದ ಬಂದದ್ದು, ಯಾವಾಗ ಬಂದದ್ದು ಎಂದೆಲ್ಲ ವಿಚಾರಿಸಿದರು. ಒಂದು ತಿಂಗಳು ಬಿಟ್ಟು ಮತ್ತೊಂದು ಅವಕಾಶವಿದೆ, ಇದೇ ಮೈದಾನ, ಎರಡು ದಿನ ಮೊದಲೇ ಬಂದು ಮಲಗಿ ಎದ್ದು ಓಡು, ನಿನ್ನ ಓಟದಲ್ಲಿ ಇನ್ನೂ ಐದು ವರ್ಷವಿದೆ ಎಂದರು. ಅಕ್ಕ ಹೂಂ ಎಂದು ಕೇಳಿದರು, ನಮಸ್ಕಾರ ಹೇಳಿದರು. ಅವರು ಹೋದ ಮೇಲೆ ನಾನು ಉತ್ಸಾಹದಿಂದ ರಜೆ ಹೇಗೆ ಹೊಂದಿಸುವುದು, ಯಾರ ಮನೆಯಲ್ಲಿ ಉಳಿಯುವುದು ಎಂದು ಯೋಜನೆ ಹಾಕತೊಡಗಿದೆ.

"ಸಾಕು ಕಣೇ," ಎಂದರು ಅಕ್ಕ.

"ಅಕ್ಕಾ, ಇನ್ನೊಂದೇ ಒಂದು ಸಲ ಅಷ್ಟೇ. ನೀವು ಮಲಗಿ ಎದ್ದು ಓಡಿದ್ರೆ ನನಗಿಂತ ಮುಂದಿರ್ತೀರ."

"ಓಡೋದಕ್ಕೆ ಬೇಜಾರಿಲ್ಲ. ಓಡು ಅಂದ್ರೆ ಈಗ್ಲೂ ಓಡ್ತೀನಿ. ಆ ಸೀಟಲ್ಲಿ ಇನ್ನೊಂದ್ಸಲ ಕೂರಕ್ಕೆ ನನ್ನ ಕೈಲಿ ಆಗಲ್ಲ." ಬೂಟಿನ ಲೇಸು ಬಿಚ್ಚುತ್ತಾ, "ಪಾಸಾದ್ರೆ ಏನು ಸಿಗುತ್ತೆ ಹೇಳು. ಇನ್ನೊಂದು ವರ್ಷದ ಬಸ್ಸು," ಎಂದರು.



ಇಬ್ಬರ ವಾಪಸಿನ ಬಸ್ಸಿನ ಟಿಕೆಟ್ ನನ್ನ ಬಳಿ ಇತ್ತು. ಅಕ್ಕ ಅದನ್ನು ತೆಗೆದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೋ ಕೊಟ್ಟು, ರೈಲ್ವೆ ಸ್ಟೇಶನ್ ಕಡೆ ಹೊರಟರು. ಸೋಮವಾರ ಶಾಲೆಗೆ ಹೋಗಬೇಕಲ್ಲ, ರೈಲನ್ನು ನಂಬಿದರೆ ಹೇಗೆ ಎಂದು ಕೇಳಿದೆ. ಸೋಮವಾರ ತಲುಪಿದರೆ ಸೋಮವಾರ, ಮಂಗಳವಾರ ತಲುಪಿದರೆ ಮಂಗಳವಾರ, ಹೆಡ್‌ಮಾಸ್ಟರ್ ಬೈದರೆ ಬೈಸಿಕೊಂಡರಾಯಿತು, ಮೈದಾನದಲ್ಲಿ ಇಪ್ಪತ್ತೆರಡು ಜನ ತಮಗಾಗಿ ಕಾಯುತ್ತಿಲ್ಲವಲ್ಲ ಎಂದರು.

ರೈಲು ಶುಕ್ರವಾರ ಬರಬೇಕಿತ್ತು, ಶನಿವಾರ ಮಧ್ಯಾಹ್ನ ಬಂತು. ನಾವು ಪ್ಲಾಟ್‌ಫಾರ್ಮಿನ ಮೇಲೆ ಮೈಗೆ ಸುತ್ತಿಕೊಳ್ಳುವ ಕಂಗಾ ಬಟ್ಟೆ ಹಾಸಿಕೊಂಡು ಕೂತಿದ್ದೆವು. ಪಕ್ಕದ ಗಂಡಸೊಬ್ಬ ಗಂಟೆಗೊಮ್ಮೆ ಎದ್ದು ಹೋಗಿ ಸ್ಟೇಶನ್ ಮಾಸ್ಟರ್ ಜೊತೆ ಜಗಳವಾಡಿ ಬರುತ್ತಿದ್ದ. ಅಕ್ಕ ಅವನಿಗೆ ಕಡಲೆಕಾಯಿ ಕೊಟ್ಟು, "ಕೂತ್ಕೊಳಪ್ಪಾ, ಅವ್ನಿಗೇ ಗೊತ್ತಿಲ್ಲ," ಎಂದರು. ಬೋಗಿ ಹತ್ತಿದ್ದೇ ಕೆಳಗಿನ ಹಲಗೆಯಲ್ಲಿ ಉದ್ದಕ್ಕೆ ಮಲಗಿ, ಚೀಲದ ಮೇಲೆ ಕಾಲೆತ್ತಿಟ್ಟು, ದೊಡ್ಡ ಬಾಟಲಿ ನೀರು ಪೂರ್ತಿ ಕುಡಿದರು. ಆಮೇಲೆ ನಿದ್ದೆ ಹೋದರು. ಸಿಂಗಿಡಾ ಕಡೆಯ ಬಯಲಲ್ಲಿ ರೈಲು ಯಾಕೋ ನಾಲ್ಕು ಗಂಟೆ ನಿಂತಿತು, ಜನ ಇಳಿದು ಹತ್ತಿ ಗಲಾಟೆ ಮಾಡಿದರು, ಅವರಿಗೆ ಎಚ್ಚರವಾಗಲಿಲ್ಲ. ತಬೋರಾದಲ್ಲಿ ನಾನು ಊಟಕ್ಕೆಬ್ಬಿಸಿದೆ. ಕಿಟಕಿಗೆ ಬಂದ ಗೆಣಸು ತಿಂದು ಮತ್ತೆ ಮಲಗಿದರು. ಇಷ್ಟು ವರ್ಷದಲ್ಲಿ ಅವರು ಬಾಯಿ ತೆರೆದು ಗೊರಕೆ ಹೊಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಿಗೋಮಾ ಮುಟ್ಟಿದಾಗ ಸೋಮವಾರ ಸಂಜೆ. ಸ್ಟೇಶನ್ನಿಗೆ ಮೂರು ಸಲ ಬಂದು ಹೋಗಿದ್ದ ಫುಲ್ಗೆನ್ಸ್ ನಾಲ್ಕನೆಯ ಸಲ ಬಂದು ಮರದ ಪೆಟ್ಟಿಗೆಯ ಮೇಲೆ ಕೂತಿದ್ದರು. ಪರೀಕ್ಷೆ ಏನಾಯಿತೆಂದು ಕೇಳಲಿಲ್ಲ, ಹೆಂಡತಿಯ ಕೈಯಿಂದ ಚೀಲ ತೆಗೆದುಕೊಂಡರು. ಮಂಗಳವಾರ ಅಕ್ಕ ಶಾಲೆಗೆ ಹೋದರು, ಹೆಡ್‌ಮಾಸ್ಟರ್ ಬೈದರು. ಅದೇ ವಾರ ಅವರು ಸಂಘಕ್ಕೆ ಕಾಗದ ಬರೆದು ಹೆಸರು ತೆಗೆಸಿಕೊಂಡರು. ಉತ್ತರ ಬರಲಿಲ್ಲ. ಸಂಘ ಕಳಿಸಿದ ಹೊಸ ವರ್ಷದ ರೆಫರಿಗಳ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿನ ಜಾಗದಲ್ಲಿ ನನ್ನ ಹೆಸರಿತ್ತು.

ಈಗ ಬುಧವಾರದ ಸಂಜೆಗಳಲ್ಲಿ ಅವರು ಶಾಲೆಯ ಮೈದಾನದಲ್ಲಿ ಹುಡುಗಿಯರ ಆಟ ನಡೆಸುತ್ತಾರೆ, ಮನೆಯಿಂದ ನಡೆದೇ ಹೋಗುತ್ತಾರೆ. ಪಂದ್ಯಕ್ಕೆ ಹೊರಡುವ ಮುಂಚೆ ನಾನು ಅವರ ಮನೆಗೆ ಹೋಗಿ ಬರುತ್ತೇನೆ. ನವೆಂಬರ್ ಮಳೆ ಶುರುವಾದಾಗ ಒಮ್ಮೆ ಹೋದೆ. ಹೊರಗೆ ಕೂತು ಜೋಳ ಬಿಡಿಸುತ್ತಿದ್ದರು. ಊತ ಅರ್ಧಕ್ಕರ್ಧ ಇಳಿದಿದೆ ಎಂದು ಕಾಲು ಮುಂದೆ ಮಾಡಿ ತೋರಿಸಿದರು. ಪೂರ್ತಿ ಇಳಿಯುವುದಿಲ್ಲ ಎಂದು ನರ್ಸ್ ಹೇಳಿದ್ದಾಳಂತೆ.